ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪುಸ್ತಕ ಬರೆಯಲು ಯಾವ ಸಾಫ್ಟ್‌ವೇರ್ ಬಳಸಬೇಕು?

ಮೊದಲನೇ ತೀರ್ಮಾನ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ. ಇದರಲ್ಲಿ ಎರಡು ಮಾತಿಲ್ಲ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದರೆ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಅಷ್ಟೇ, ಫಾಂಟ್ ಬದಲಾಯಿಸಿದ ಕೂಡಲೇ ಕನ್ನಡ ಮಾಯ. ಆಮೇಲೆ ಯೂನಿಕೋಡಿಗೆ ಬದಲಾಯಿಸಲು ಹೋದರೆ ನಿಜವಾದ ಇಂಗ್ಲಿಷ್ ಕೋಡನ್ನೂ ಕನ್ನಡ ಅಂದುಕೊಂಡು ಕನ್ವರ್ಟರ್ ಕೆಡಿಸಿಬಿಡಬಹುದು.

ಬರೆಯುವುದು ಯಾವುದರಲ್ಲಿ? ಕೋಡ್ ಕಡಿಮೆ ಇದೆ, ಸಂಪಾದಕರು ವರ್ಡ್ ಫೈಲ್ ಕೇಳುತ್ತಾರೆ ಅಂದರೆ ವರ್ಡ್ ಅಥವಾ ಲಿಬ್ರೆಆಫೀಸ್ ಸಾಕು. ಒಂದು ಎಚ್ಚರ ಮಾತ್ರ ಬೇಕು. ವರ್ಡಿನ ಆಟೊಕರೆಕ್ಟ್ ಕೋಡಿನ ನೇರ ಕೋಟ್ ಚಿಹ್ನೆಗಳನ್ನು ಬಾಗಿಸಿಬಿಡುತ್ತದೆ, ಓದುಗರು ಅದನ್ನೇ ಕಾಪಿ ಮಾಡಿ ಪೈಥಾನಿನಲ್ಲಿ ಓಡಿಸಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ತಪ್ಪೆಲ್ಲಿದೆ ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಮೊದಲು ಅದನ್ನು ಆಫ್ ಮಾಡಿ.

ಕೋಡ್ ಜಾಸ್ತಿ ಇದ್ದರೆ ಸಾದಾ ಟೆಕ್ಸ್ಟ್ ಫೈಲಿನಲ್ಲೇ ಚಿಹ್ನೆಗಳಿಂದ ಶೀರ್ಷಿಕೆ, ಪಟ್ಟಿ, ಕೋಡ್ ಗುರುತಿಸುವ ಮಾರ್ಕ್‌ಡೌನ್ ಅಥವಾ ಆಸ್ಕಿಡಾಕ್, ಜೊತೆಗೆ ಫೈಲಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್. ನನಗೆ ಆಸ್ಕಿಡಾಕ್ ಹೆಚ್ಚು ಇಷ್ಟ, ಯಾಕಂದ್ರೆ ಅದರ ಇನ್‌ಕ್ಲೂಡ್ ಸೌಲಭ್ಯದಿಂದ ಕೋಡನ್ನು ಬೇರೆ ಫೈಲಿನಲ್ಲಿಟ್ಟು, ಓಡಿಸಿ ನೋಡಿ, ಬೇಕಾದ ಸಾಲುಗಳನ್ನಷ್ಟೇ ಪುಸ್ತಕದೊಳಗೆ ಎಳೆದುಕೊಳ್ಳಬಹುದು. ಓಡದ ಕೋಡ್ ಪುಸ್ತಕಕ್ಕೆ ಸೇರುವ ಭಯ ಕಡಿಮೆ. ಮಾರ್ಕ್‌ಡೌನ್ ಕಲಿಯುವುದು ಸುಲಭ, ಆದರೆ ಈ ಕೆಲಸಕ್ಕೆ ಬೇರೆ ಪ್ಲಗಿನ್ ಬೇಕಾಗುತ್ತದೆ.

ನಮಗೆ ನಿಜವಾದ ತಾಪತ್ರಯ ಪಿಡಿಎಫ್ ಮಾಡುವಾಗ. ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ಅಲ್ವಾ? ಮಾರ್ಕ್‌ಡೌನನ್ನು ಪಿಡಿಎಫ್ ಮಾಡುವ ಪ್ಯಾನ್‌ಡಾಕ್ ತಾನಾಗಿ ಬಳಸುವ ಎಂಜಿನ್, ಅಂದರೆ ಪುಟ ಜೋಡಿಸುವ ಪ್ರೋಗ್ರಾಂ, ಪಿಡಿಎಫ್‌ಲೇಟೆಕ್, ಅದಕ್ಕೆ ಕನ್ನಡ ಬರುವುದಿಲ್ಲ. ಎಂಜಿನ್ ಜಾಗದಲ್ಲಿ ಯೂನಿಕೋಡ್ ಫಾಂಟ್ ಬಲ್ಲ ಝೀಲೇಟೆಕ್ (xelatex) ಅಂತ ಕೊಟ್ಟು, ಮುಖ್ಯ ಫಾಂಟಾಗಿ ನೋಟೊ ಸೆರಿಫ್ ಕನ್ನಡ ಹಾಕಿ. ಆಸ್ಕಿಡಾಕನ್ನು ನೇರವಾಗಿ ಪಿಡಿಎಫ್ ಮಾಡುವ ಆಸ್ಕಿಡಾಕ್ಟರ್ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಒಡೆದು ಬರುತ್ತವೆ. ಅದರ ಬದಲು ಎಚ್‌ಟಿಎಂಎಲ್ ಮಾಡಿ ಬ್ರೌಸರಿನಿಂದ ಪ್ರಿಂಟ್ ಕೊಟ್ಟರೆ ಅಕ್ಷರ ಸರಿಯಾಗಿ ಕೂರುತ್ತವೆ. ಕೋಡಿಗೆ ಬಳಸುವ ಫಾಂಟುಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ, ಹಾಗಾಗಿ ಕೋಡಿನೊಳಗಿನ ಕನ್ನಡ ಕಾಮೆಂಟುಗಳು ಪಿಡಿಎಫ್‌ನಲ್ಲಿ ಖಾಲಿ ಚೌಕಗಳಾಗಬಹುದು.

ಅದಕ್ಕೇ ಎರಡನೇ ಅಧ್ಯಾಯಕ್ಕೆ ಕೈಹಾಕುವ ಮೊದಲು ಒಂದು ಪರೀಕ್ಷಾ ಪುಟ ಮಾಡಿ. ಸೂರ್ಯ, ಸ್ತ್ರೀ, ಲಕ್ಷ್ಮಿ, ರಾಷ್ಟ್ರ ಅನ್ನುವಂಥ ಪದಗಳು, ಒಂದು ಟೇಬಲ್, ಒಂದು ಚಿತ್ರ, ಕನ್ನಡ ಕಾಮೆಂಟ್ ಇರುವ ಉದ್ದದ ಕೋಡ್ ಎಲ್ಲ ಅದರಲ್ಲಿರಲಿ. ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡಿ, ಪರದೆ ಮೇಲೆ ಕಾಣದ ತಪ್ಪು ಅಲ್ಲಿ ಕಾಣುತ್ತದೆ. ಅದೇ ಪಿಡಿಎಫನ್ನು ಪ್ರೆಸ್ಸಿಗೂ ಒಯ್ದು ತೋರಿಸಿ. ಯೂನಿಕೋಡ್ ಬಾರದ ಹಳೆಯ ಪುಟವಿನ್ಯಾಸ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲೇ ಬೇಕು ಅನ್ನುವವರು ಸಿಕ್ಕರೆ ಪುಸ್ತಕ ಮುಗಿಯುವ ಮೊದಲೇ ಬೇರೆ ಪ್ರೆಸ್ ಹುಡುಕಲು ನಿಮಗೆ ಸಮಯ ಇರುತ್ತದೆ.