ಚಳಿಗಾಲದಲ್ಲಿ ಕೈಕೊಟ್ಟ ತಾತನ ಪಿಸ್ತೂಲು

ತಾತನಿಂದ ಅಪ್ಪನಿಗೆ, ಅಪ್ಪನಿಂದ ನನ್ನ ಲೈಸೆನ್ಸಿಗೆ ಬಂದ ಪಿಸ್ತೂಲು ಇದು. ಕೋಲ್ಟ್ 1903, .32 ಕ್ಯಾಲಿಬರ್. 2024ರ ಲೋಕಸಭಾ ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸಿದ್ದನ್ನು ಜೂನ್‌ನಲ್ಲಿ ವಾಪಸ್ ತಂದು ಶೂಟಿಂಗ್ ರೇಂಜಿನಲ್ಲಿ ಹೊಡೆದು ನೋಡಿದೆ. ಒಂದೆರಡು ಸಲ ತಡವರಿಸಿತು. ಹಳೇದಲ್ವಾ ಅಂತ ಸುಮ್ನಾದೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಏಳಕ್ಕೆ ಹೋದರೆ ಎರಡನೇ ಗುಂಡಿಗೇ ನಿಂತುಬಿಟ್ಟಿತು.

ರೇಂಜಿನಲ್ಲಿದ್ದವರೆಲ್ಲ ಹೇಳಿದ್ದು ಒಂದೇ: 'ಸ್ಪ್ರಿಂಗ್ ಸತ್ತಿದೆ, ಬದಲಾಯಿಸಿ.' ನಾನೂ ನಂಬಿಬಿಡುತ್ತಿದ್ದೆ. ಆದರೆ ಪ್ರತಿ ಸಲ ನಿಂತಾಗ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದು ಸರಿಮಾಡುವ ಚಾಳಿ ಬಿಟ್ಟೆ. ಎಳೆದರೆ ಸುಳಿವೇ ಹೋಗುತ್ತದೆ. ಬೆರಳು ಟ್ರಿಗರ್‌ನಿಂದ ದೂರ, ನಳಿಗೆ ಗುರಿಯ ಕಡೆಗೇ ಇಟ್ಟು, ತೋಟಾ ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಿ ಬರೆದುಕೊಂಡೆ. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್, ನನ್ನ ಹತ್ತಿರ ಎರಡಿದ್ದವು; ಎರಡರ ತಳಕ್ಕೂ ಹೆಂಡತಿಯ ನೇಲ್ ಪಾಲಿಶ್‌ನಲ್ಲಿ ಚುಕ್ಕಿ ಇಟ್ಟೆ: ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು.

ಮೂರು ವಾರದಲ್ಲಿ ಗೊತ್ತಾಯಿತು, ರೋಗ ಒಂದಲ್ಲ, ಎರಡು. ಕೆಲವು ಸಲ ತೋಟಾದ ಮೂತಿ ಕೆಳಗೆ ಬಾಗಿ ಚೇಂಬರ್‌ಗೆ, ಅಂದರೆ ನಳಿಗೆಯ ಹಿಂದಿನ ಗೂಡಿಗೆ, ಹತ್ತದೆ ನಿಲ್ಲುತ್ತಿತ್ತು. ಅದು ಒಂದು ಚುಕ್ಕಿಯ ಮ್ಯಾಗಜಿನ್‌ನಲ್ಲಿ ಮಾತ್ರ. .32 ತೋಟಾದ ತಳದಲ್ಲಿ ಚೂರು ಹೊರಚಾಚಿದ ಅಂಚು ಇರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ, ಅದಕ್ಕೆ ತುಂಬುವಾಗ ಹುಷಾರಾಗಿ ನೋಡಿದೆ. ಅದಲ್ಲ. ಎರಡೂ ಮ್ಯಾಗಜಿನ್ ಬೆಳಕಿಗೆ ಹಿಡಿದಾಗ ಒಂದು ಚುಕ್ಕಿಯದರ ಎಡ ತುಟಿ (ತೋಟಾ ಹಿಡಿದಿಡುವ ಬಾಯಿಯ ಅಂಚು) ಕೂದಲೆಳೆಯಷ್ಟು ಅಗಲವಾಗಿತ್ತು. ಯಾವಾಗಲೋ ಕೆಳಗೆ ಬಿದ್ದಿರಬೇಕು.

ಇನ್ನೊಂದು ತೊಂದರೆ ಎರಡರಲ್ಲೂ ಇತ್ತು. ಸ್ಲೈಡ್ ಪೂರ್ತಿ ಮುಚ್ಚಲು ಎರಡು ಮಿಲಿಮೀಟರ್ ಬಾಕಿ ಇರುವಾಗಲೇ ನಿಲ್ಲುತ್ತಿತ್ತು. ಟ್ರಿಗರ್ ಒತ್ತಿದರೆ ಟಕ್ ಅಂತಲೂ ಇಲ್ಲ. ಮನೆಯಲ್ಲಿ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ನೋಡಿದೆ. ಬಸವನಗುಡಿಯ ಚಳಿಯಲ್ಲಿ ಬೆಳಗ್ಗೆ ಆರೂವರೆಗೆ ನಿಂತ ಸ್ಲೈಡ್, ಮಧ್ಯಾಹ್ನ ಎರಡಕ್ಕೆ ಸಲೀಸಾಗಿ ಮುಚ್ಚಿತು! ಸ್ಪ್ರಿಂಗ್‌ಗೇನು ಗಡಿಯಾರ ಗೊತ್ತಾ?

ಮರುದಿನ ಬೆಳಗ್ಗೆಯೇ ಬಿಚ್ಚಿದೆ. ತೋಟಾದ ಅಂಚು ಹಿಡಿಯುವ ಕೊಕ್ಕೆ ಇದೆಯಲ್ಲ, ಎಕ್ಸ್‌ಟ್ರಾಕ್ಟರ್, ಅದರ ಸಂದಿಯಲ್ಲಿ ಬೆಣ್ಣೆಯಂಥ ಬಿಳಿ ಜಿಡ್ಡು. ಮೂಗಿಗೆ ಹಿಡಿದೆ. ತೆಂಗಿನೆಣ್ಣೆ! ಅಪ್ಪ ಬೀಗ, ಬಾಗಿಲ ಕೀಲು, ಪಿಸ್ತೂಲು ಎಲ್ಲಕ್ಕೂ ಅದನ್ನೇ ಹಾಕುತ್ತಿದ್ದರು. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಕೊಕ್ಕೆ ಅಲುಗಾಡದೆ ಅಂಚನ್ನು ಹತ್ತುತ್ತಿರಲಿಲ್ಲ, ಅದಕ್ಕೇ ಸ್ಲೈಡ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಟೂತ್‌ಬ್ರಶ್‌ನಲ್ಲಿ ಉಜ್ಜಿ, ಒರೆಸಿ, ತೆಳುವಾಗಿ ಗನ್ ಆಯಿಲ್ ಹಚ್ಚಿದೆ. ಮ್ಯಾಗಜಿನ್ ತುಟಿಗೆ ಮಾತ್ರ ನಾನು ಇಕ್ಕಳ ಹಾಕಲಿಲ್ಲ. ಲೈಸೆನ್ಸ್ ಇರುವ ಅಂಗಡಿಗೆ ಒಯ್ದೆ. ವಯಸ್ಸಾದ ಮೇಸ್ತ್ರಿ ತುಟಿ ಸವರಿ, 'ಇದನ್ನ ಬಗ್ಗಿಸಬಹುದು ಸಾರ್, ಆದ್ರೆ ಹಳೇ ಲೋಹ, ಮುರಿದ್ರೆ ನನ್ನ ಬೈಬೇಡಿ' ಅಂದರು. ಬೇಡ ಅಂದೆ. ಈಗ ಎರಡು ಚುಕ್ಕಿಯದ್ದೇ ಕೆಲಸಕ್ಕೆ. ಜನವರಿಯಲ್ಲಿ ಅದೇ ಏಳು ಗಂಟೆಗೆ, ಅದೇ ಚಳಿಯಲ್ಲಿ, ಎಂಟಕ್ಕೆ ಎಂಟೂ ಹೋದವು.