ಜುಲೈ ತಿಂಗಳನ್ನು ಮುಂದಿಟ್ಟುಕೊಂಡು ಹಾಕಿದ ಸೌರ ಲೆಕ್ಕ

ಶಿರಸಿ ಕಡೆಯ ನಮ್ಮಂಥ ತೋಟದ ಮನೆಗಳಿಗೆ ಕರೆಂಟ್ ಕೈಕೊಡುವುದು ಸುರಿಯುವ ಮಳೆಯಲ್ಲಿ. ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಹಾಗಾಗಿ ಸೌರ ವ್ಯವಸ್ಥೆಯನ್ನು ನಾನೇ ಯೋಜಿಸಲು ಕುಳಿತಾಗ ಏಪ್ರಿಲ್ ಬಿಸಿಲನ್ನು ನಂಬಿ ಲೆಕ್ಕ ಹಾಕಲಿಲ್ಲ.

ಕೇಂದ್ರ ಸರ್ಕಾರ 2024ರಲ್ಲಿ ತಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಬಿಲ್ ತಗ್ಗಿಸಬೇಕೆನ್ನುವವರಿಗೆ ಅದು ಒಳ್ಳೆಯ ದಾರಿ. ಆದರೆ ಬ್ಯಾಟರಿಯಿಲ್ಲದೆ ಗ್ರಿಡ್‌ಗೆ (ಊರಿನ ಕರೆಂಟ್ ಲೈನ್‌ಗೆ) ಜೋಡಿಸಿದ ಇನ್ವರ್ಟರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ತಾಗಬಾರದಲ್ಲ. ನಮಗೆ ಬೇಕಾಗಿದ್ದು ಆ ಹೊತ್ತಿನ ಬೆಳಕೇ. ಅದಕ್ಕೆ ಬ್ಯಾಟರಿ ಅನಿವಾರ್ಯ.

ಪ್ಯಾನೆಲ್ ಅಂಗಡಿಗೆ ಹೋಗುವ ಮೊದಲು ದಿನದ ವಿದ್ಯುತ್ ಖರ್ಚನ್ನು ಬರೆದೆ. 9 ವಾಟ್‌ನ ಆರು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 270 ವಾಟ್-ಅವರ್ (ವಾಟ್ ಅನ್ನು ಗಂಟೆಯಿಂದ ಗುಣಿಸಿದ ಲೆಕ್ಕ). ಹಳೆಯ ಫ್ಯಾನ್ 75 ವಾಟ್ ತಿನ್ನುತ್ತಿತ್ತು. ಬದಲಿಗೆ ತಂದ, ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 30 ಸಾಕು. ಅಂಥ ಎರಡು, ಎಂಟು ಗಂಟೆಗೆ 480. ಹಗಲಿರುಳು ಉರಿಯುವ 10 ವಾಟ್‌ನ ರೂಟರ್ ಸದ್ದಿಲ್ಲದೆ 240 ಕಬಳಿಸುತ್ತದೆ. ಅದನ್ನು ಬಹಳ ಮಂದಿ ಬರೆಯುವುದೇ ಇಲ್ಲ. ಮೊಬೈಲ್, ಇನ್ವರ್ಟರ್‌ನಲ್ಲಾಗುವ ನಷ್ಟ ಸೇರಿ ದಿನಕ್ಕೆ 1,300ರ ಆಸುಪಾಸು. 'ಮಿಕ್ಸಿ ಬೇಡವೇನೋ?' ಎಂದು ಅಮ್ಮ ಕೇಳಿದರು. 750 ವಾಟ್‌ನ ಮಿಕ್ಸಿ ಹತ್ತು ನಿಮಿಷ ತಿರುಗಿದರೆ ಖರ್ಚು 125 ಮಾತ್ರ; ಅದನ್ನು ಎಳೆಯುವಷ್ಟು ದೊಡ್ಡ ಇನ್ವರ್ಟರ್ ಇದ್ದರಾಯಿತು. ಫ್ರಿಜ್ಜನ್ನು ಮಾತ್ರ ಈ ಲೆಕ್ಕದಿಂದ ಹೊರಗಿಟ್ಟೆ.

12 ವೋಲ್ಟ್, 150 ಎಎಚ್‌ನ (ಆಂಪಿಯರ್-ಅವರ್) ಎರಡು ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿಗಳನ್ನು 24 ವೋಲ್ಟ್‌ಗೆ ಜೋಡಿಸಿದರೆ 3,600 ವಾಟ್-ಅವರ್. ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅವುಗಳ ಆಯುಸ್ಸು ಕುಗ್ಗುತ್ತದೆ, ಆದ್ದರಿಂದ 1,800 ಮಾತ್ರ ನಮ್ಮದು. ಎರಡು 330 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 2,000 ವಾಟ್-ಅವರ್ ದಾಟಿಸುತ್ತವೆ. ಜಡಿಮಳೆಯ ದಿನ ಅದರ ಕಾಲು ಭಾಗ ಬಂದರೂ ಪುಣ್ಯ.

ಜಾಗ ಹುಡುಕುವುದರಲ್ಲೇ ಹೆಚ್ಚು ತಲೆಕೆಡಿಸಿಕೊಂಡೆ. ಹಂಚಿನ ಮಾಡಿನ ಮೇಲೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಂಗಿನ ನೆರಳು ಎಲ್ಲಿಗೆ ಬರುತ್ತದೆಂದು ಗುರುತು ಹಾಕಿ ನೋಡಿದೆ. ಪ್ಯಾನೆಲ್ಲಿನ ಕೋಶಗಳು ಸಾಮಾನ್ಯವಾಗಿ ಮೂರು ಗುಂಪಾಗಿರುತ್ತವೆ. ಒಂದು ಗುಂಪಿನ ಮೇಲೆ ಗರಿಯ ನೆರಳು ಬಿದ್ದರೂ ಮೂರನೇ ಒಂದು ಭಾಗ ಹೋದಂತೆ. ಕೊನೆಗೆ ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿದೆ. ದಕ್ಷಿಣಕ್ಕೆ 15 ಡಿಗ್ರಿ ವಾಲಿಸಿದರೆ ಸಾಕು. ಜೂನ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗಿರುತ್ತಾನೆ; ಹೆಚ್ಚು ವಾಲಿಸಿದರೆ ಮಳೆಗಾಲದಲ್ಲೇ ನಷ್ಟ. ಈ ಇಳಿಜಾರಿನಲ್ಲಿ ದೂಳು ಮಳೆಯಲ್ಲೇ ತೊಳೆದುಹೋಗುತ್ತದೆ.

ಅಂಗಳದಿಂದ ಬ್ಯಾಟರಿಗೆ 25 ಮೀಟರ್. ಪ್ಯಾನೆಲ್‌ಗಳನ್ನು ಸಮಾಂತರವಾಗಿ ಜೋಡಿಸಿದ್ದರೆ 4 ಚದರ ಮಿಲಿಮೀಟರ್ ತಂತಿಯಲ್ಲಿ ಶೇ. 11ರಷ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದನ್ನು ಜೋಡಿಸಿದ್ದರಿಂದ ವೋಲ್ಟೇಜ್ ಇಮ್ಮಡಿಯಾಯಿತು, ಪ್ರವಾಹ ಅರ್ಧವಾಯಿತು, ಸೋರಿಕೆ ಶೇ. 3ಕ್ಕೆ ಇಳಿಯಿತು. ಪ್ರತಿ ಪ್ಯಾನೆಲ್‌ನ ತೆರೆದ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗ ಇರುವುದು) 46, ಎರಡಕ್ಕೆ 92. ಡಿಸೆಂಬರ್ ಚಳಿಯಲ್ಲಿ ಅದು ಇನ್ನೂ ಏರುತ್ತದೆ. ಆದ್ದರಿಂದ 100 ವೋಲ್ಟ್ ಮಿತಿಯ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಗರಿಷ್ಠ ಶಕ್ತಿ ಎಳೆದು ಬ್ಯಾಟರಿಗೆ ತುಂಬುವ ಸಾಧನ) ಬಿಟ್ಟು 150 ವೋಲ್ಟ್‌ನದನ್ನು ಕೊಂಡೆ. ಪ್ಯಾನೆಲ್, ಬ್ಯಾಟರಿಗಳಿರುವ ಡಿಸಿ (ಒಂದೇ ದಿಕ್ಕಿನ ಪ್ರವಾಹದ) ಬದಿಗೆ ಡಿಸಿ ಎಂಸಿಬಿಯನ್ನೇ (ಪ್ರವಾಹ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಹಾಕಬೇಕು. ಡಿಸಿ ಪ್ರವಾಹ ಕಡಿಯುವಾಗ ಏಳುವ ಕಿಡಿಯನ್ನು ಎಸಿಯದು ನಂದಿಸುವ ಭರವಸೆಯಿಲ್ಲ. ಸಿಡಿಲಿಗಾಗಿ ಸರ್ಜ್ (ವೋಲ್ಟೇಜ್‌ನ ಹಠಾತ್ ಏರಿಕೆ) ರಕ್ಷಕ, ಅರ್ಥಿಂಗ್ ಎರಡನ್ನೂ, ಮನೆಯ ವೈರಿಂಗ್‌ಗೆ ಸೇರುವ ಜೋಡಣೆಯನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಒಪ್ಪಿಸಿದೆ.

ಮಳೆಗಾಲದಲ್ಲಿ ಬೆಳಗ್ಗೆ ಲೋಡ್ ತೆಗೆದು ಬ್ಯಾಟರಿಯ ವೋಲ್ಟೇಜ್ ನೋಡುತ್ತೇನೆ. 24.2ಕ್ಕೆ, ಅಂದರೆ ಸುಮಾರು ಅರ್ಧಕ್ಕೆ ಇಳಿದಿದ್ದರೆ ಅಂದು ಫ್ಯಾನ್, ಮಿಕ್ಸಿ ಇಲ್ಲ, ಬಲ್ಬು ಮತ್ತು ರೂಟರ್ ಮಾತ್ರ. ನಡುವೆ ಲೈನ್ ಬಂದರೆ ಇನ್ವರ್ಟರ್ ಅದರಿಂದಲೇ ಬ್ಯಾಟರಿ ತುಂಬಿಕೊಳ್ಳುತ್ತದೆ.