ಕಾಡಿನಲ್ಲಿ ಮಂಗ ಸತ್ತಿದೆಯೇ? ಕಾಯಿಲೆಯ ಜಾಡು ಹಿಡಿಯುವುದು ಹೀಗೆ

ತರಗೆಲೆ ತರಲು ಹೋದಾಗ ಮರದ ಬುಡದಲ್ಲಿ ಸತ್ತ ಮಂಗ ಕಂಡರೆ, ನೋಡಿ ಸುಮ್ನೆ ಬರಬೇಡಿ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ, ಅಂದರೆ ಉಣುಗು ಕಚ್ಚಿ ಹರಡುವ ವೈರಸ್ ಜ್ವರದ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಪತ್ತೆಯಾದಾಗಲೂ ಕಾಡಲ್ಲಿ ಮಂಗಗಳು ಸಾಯುತ್ತಿದ್ದವು, ಊರಲ್ಲಿ ಜನ ಜ್ವರದಿಂದ ಮಲಗಿದ್ದರು.

ಮೊದಲನೆಯದು, ಮುಟ್ಟಬೇಡಿ. ಮಂಗನಿಗೆ ಪೂಜೆ ಮಾಡಿ ಮಣ್ಣು ಮಾಡುವ ರೂಢಿ ನಮ್ಮಲ್ಲಿದೆ, ಆ ಭಕ್ತಿಗೆ ಕೈ ಮುಗಿಯುತ್ತೇನೆ. ಆದರೆ ಇಲ್ಲಿ ಬೇಡ. ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಉದುರಿ ಸುತ್ತಲಿನ ಎಲೆಯಡಿ ಸೇರಿಕೊಳ್ಳುತ್ತವೆ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದವರಿಗೇ ಕಾಯಿಲೆ ತಗುಲಿತ್ತು.

ಎರಡನೆಯದು, ಅದೇ ದಿನ ತಿಳಿಸಿ. ಆಶಾ ಕಾರ್ಯಕರ್ತೆ, ಆರೋಗ್ಯ ಕೇಂದ್ರ, ಫಾರೆಸ್ಟ್ ಗಾರ್ಡ್, ಯಾರಿಗಾದರೂ ಸರಿ. ದೂರದಿಂದ ಫೋಟೊ ತೆಗೆದು, ಜಾಗದ ಗುರುತು ಹೇಳಿ. ನಾಳೆ ಅಂದರೆ ಕಷ್ಟ. ಕೊಳೆತ ಮೇಲೆ ಪರೀಕ್ಷೆಗೆ ಏನೂ ಸಿಗುವುದಿಲ್ಲ. ಪಶುವೈದ್ಯರು ರಕ್ಷಣಾ ಉಡುಪು ತೊಟ್ಟು ಮಿದುಳು, ಲಿವರ್‌ನಂಥ ಅಂಗಗಳ ಚೂರು ತೆಗೆದು ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸುತ್ತಾರೆ. ಆಮೇಲೆ ದೇಹವನ್ನು ಅಲ್ಲೇ ಸುಟ್ಟು, ಸುತ್ತಲೂ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುತ್ತಾರೆ.

ಇನ್ನು ಉಣುಗಿನ ಬೇಟೆ. ನನಗೆ ಜಾಸ್ತಿ ಮೆಚ್ಚುಗೆಯಾಗುವುದು ಈ ಕೆಲಸವೇ. ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಕೋಲು ಕಟ್ಟಿ, ಎಲೆ ಹಾಸಿನ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಯಾವುದೋ ಪ್ರಾಣಿ ಹಾದುಹೋಯಿತೆಂದು ಉಣುಗು ಬಟ್ಟೆಗೆ ಅಂಟಿಕೊಳ್ಳುತ್ತದೆ. ಹತ್ತಾರು ಹೆಜ್ಜೆಗೊಮ್ಮೆ ಬಟ್ಟೆ ಮಗುಚಿ, ಕಪ್ಪು ಚುಕ್ಕಿಯಂತೆ ಹರಿದಾಡುವುದನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕುತ್ತಾರೆ. ಲ್ಯಾಬಿನಲ್ಲಿ ಜಾತಿವಾರು ಬೇರ್ಪಡಿಸಿ, ಗುಂಪಾಗಿ ಅರೆದು ವೈರಸ್ ಹುಡುಕುತ್ತಾರೆ. ಸಿಕ್ಕಿತೆಂದರೆ, ಒಬ್ಬರಿಗೂ ಜ್ವರ ಬರುವ ಮೊದಲೇ ಊರಿಗೆ ಎಚ್ಚರಿಕೆ ಕೊಡಬಹುದು, ಅಲ್ವಾ?

ಕೊನೆಗೆ ಮನುಷ್ಯರ ಸರದಿ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಏಕಾಏಕಿ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಜ್ವರ ಶುರುವಾದ ತಾರೀಖು ಬರೆದಿಡಿ. ಮೊದಲ ದಿನಗಳಲ್ಲಾದರೆ ಆರ್‌ಟಿ-ಪಿಸಿಆರ್ ಪರೀಕ್ಷೆ ರಕ್ತದಲ್ಲಿ ವೈರಸ್ಸನ್ನೇ ಹಿಡಿಯುತ್ತದೆ. ತಡವಾದರೆ ಎಲೈಸಾ ಎಂಬ ರಕ್ತ ಪರೀಕ್ಷೆಯಲ್ಲಿ, ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕಬೇಕು. ಜ್ವರ ಬಿಟ್ಟಿತೆಂದು ಮೈಮರೆಯಬೇಡಿ, ಕೆಲವರಿಗೆ ವಾರ ಎರಡು ವಾರ ಬಿಟ್ಟು ಮರುಕಳಿಸುತ್ತದೆ. ತಗುಲಿದ 100 ಜನರಲ್ಲಿ 3ರಿಂದ 5 ಮಂದಿಯ ಜೀವ ಹೋಗುತ್ತದೆ. ಆದರೆ ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಮನೆಯವರನ್ನು ದಯವಿಟ್ಟು ದೂರ ಇಡಬೇಡಿ.

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಹಾಗಾಗಿ ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಆಶಾ ಕಾರ್ಯಕರ್ತೆಯ ನಂಬರ್ ಇವತ್ತೇ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.